ಶುಕ್ರವಾರದ ಫುಟ್‌ಬಾಲು

ಐದನೇ ತರಗತಿಯವರು ಅಂದು ತೀರ್ಮಾನಿಸಬೇಕಾಗಿದ್ದ ಪ್ರಶ್ನೆ ಬಹಳ ಘನವಾದದ್ದು. ಸ್ಕೂಲಿನ ಒಂದೇ ಒಂದು ಫುಟ್‌ಬಾಲು ಮಧ್ಯಾಹ್ನದ ಬಿಡುವಿನಲ್ಲಿ ಅವರಿಗೆ ಬುಧವಾರ ಸಿಗಬೇಕೋ, ಶುಕ್ರವಾರವೋ?

ಅದು ೧೯೬೭. ಚುನಾವಣೆ ಮುಗಿದಿದ್ದರೂ ಹಲಸೂರಿನ ಗೋಡೆಗಳ ಮೇಲೆ ಓಟಿನ ಬರಹ ಇನ್ನೂ ಮಾಸಿರಲಿಲ್ಲ. ಕೋಕಿಲಾ ಮಿಸ್‌ಗೂ ಅದರ ಗಾಳಿ ತಗುಲಿತ್ತು.

"ಓಟು ಹಾಕೋಣ. ಹೆಚ್ಚು ಕೈ ಯಾವ ಕಡೆಗೋ ಆ ಕಡೆಗೆ ತೀರ್ಮಾನ," ಎಂದರು.

"ಶುಕ್ರವಾರಾನೇ ಮಿಸ್," ರಾಮು ಎದ್ದು ನಿಂತ. "ಅವತ್ತು ಬಿಡುವು ಜಾಸ್ತಿ. ಬುಧವಾರ ಊಟ ಮುಗಿಸೋಷ್ಟರಲ್ಲಿ ಬೆಲ್ಲು ಹೊಡೆದ್ಬಿಡ್ತಾರೆ."

"ಜಾಸ್ತಿ ಬಿಟ್ಟಿರೋದು ನಮಾಜಿಗೆ ಹೋಗೋರಿಗೆ ಮಿಸ್," ಎಂದ ಅಬ್ದುಲ್. "ನಂಗೆ ಆಡೋಕಾಗಲ್ಲ."

ಆ ತರಗತಿಯಿಂದ ನಮಾಜಿಗೆ ಹೋಗುವವನು ಅವನೊಬ್ಬನೇ. ಗೋಲು ಕಾಯುವವನೂ ಅವನೇ.

"ಬೆಲ್ಲು ಎಲ್ರಿಗೂ ಒಂದೇ ತಾನೇ?" ಎಂದ ರಾಮು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಡಬೇಕಿತ್ತು, ಅಷ್ಟೆ.

ಅಬ್ದುಲ್ ಪಕ್ಕದಲ್ಲಿದ್ದ ಸೀನನನ್ನು ಮೊಣಕೈಯಿಂದ ತಿವಿದ. "ನೀನು ಬುಧವಾರಕ್ಕೇ ತಾನೇ?"

"ಹೂಂ ಕಣೋ."

"ಬುಧವಾರ ಯಾರ್ಯಾರು?" ಎಂದರು ಮಿಸ್.

ಅಬ್ದುಲ್‌ನ ಕೈ ನೆಟ್ಟಗೆ ಎದ್ದಿತು. ಸೀನನ ಕೈಯೂ ಎದ್ದಿತು. ಅಷ್ಟರಲ್ಲಿ ಸೀನ ಸುತ್ತಲೂ ನೋಡಿದ. ಇನ್ನಾರೂ ಎತ್ತಿರಲಿಲ್ಲ. ಅವನ ಕೈ ಕಿವಿಯ ಹತ್ತಿರ ನಿಂತು, ಕಿವಿಯನ್ನು ಕೆರೆದು, ಕೆಳಗಿಳಿಯಿತು.

"ಶುಕ್ರವಾರ?"

ತರಗತಿಯ ತುಂಬ ಕೈಗಳೆದ್ದವು. ಅದರಲ್ಲಿ ಸೀನನದೂ ಒಂದು. ಅಬ್ದುಲ್ ಅದನ್ನು ನೋಡಿದ. ಆಮೇಲೆ ನಿಧಾನವಾಗಿ ತನ್ನ ಕೈಯನ್ನೂ ಎತ್ತಿದ.

"ನೀನು ಆಗ್ಲೇ ಬುಧವಾರಕ್ಕೆ ಎತ್ತಿದೆಯಲ್ಲೋ?"

"ಇದಕ್ಕೇ ಇರ್ಲಿ ಮಿಸ್."

ಮಿಸ್‌ಗೆ ಸಂತೋಷವಾಯಿತು. ಬೋರ್ಡಿನ ಮೇಲೆ 'ಶುಕ್ರವಾರ: ಸರ್ವಾನುಮತ' ಎಂದು ಬರೆದು, ಕೆಳಗೊಂದು ಗೆರೆ ಎಳೆದರು.

ಶುಕ್ರವಾರ ಬಂತು. ಗೋಲಿಗೆಂದು ಇಟ್ಟ ಎರಡು ಚೀಲಗಳ ನಡುವೆ ಸೀನ ನಿಂತ. ಅಬ್ದುಲ್ ಬಿಳಿ ಟೋಪಿ ಹಾಕಿಕೊಂಡು ಗೇಟು ದಾಟಿದ. ಬೇರೆ ಶುಕ್ರವಾರಗಳಲ್ಲಿ ಸೀನ ಬೀದಿಯ ಮೂಲೆಯ ತನಕ ಅವನ ಜೊತೆ ಹೋಗಿ ಬರುತ್ತಿದ್ದ. ಬಿಡುವು ಉದ್ದವಿತ್ತಲ್ಲ.

ಓಟಿನ ದಿನ ತಾನು ಎತ್ತಿದ ಕೈ ಇಳಿಸದಿದ್ದರೂ ಆಟ ಶುಕ್ರವಾರವೇ ಆಗುತ್ತಿತ್ತು ಎಂದು ಸೀನನಿಗೆ ಗೊತ್ತಿತ್ತು. ಆದರೆ ಆಗ ಅಬ್ದುಲ್ ಮೂಲೆಯಲ್ಲಿ ಒಮ್ಮೆಯಾದರೂ ತಿರುಗಿ ನೋಡುತ್ತಿದ್ದ; ಈಗ ನೋಡಲಿಲ್ಲ.

"ಲೋ ಸೀನ, ಬಾಲ್ ನೋಡೋ," ರಾಮು ಕೂಗಿದ.

ಚೆಂಡು ಅವನ ಪಕ್ಕದಲ್ಲೇ ಉರುಳಿಹೋಯಿತು.

ಗೋಲಾಯಿತು.