ಗಾಲಿಯ ಕೆಳಗಿನ ಲಿಂಬೆಹಣ್ಣು

ಪಚ್.

ಅಷ್ಟೇ ಸದ್ದು. ಮಾಗಿದ ಹಣ್ಣನ್ನು ಯಾರೋ ಮೆತ್ತಗೆ ಅದುಮಿದ ಹಾಗೆ. ನೇತ್ರಾ ಕಣ್ಣು ಬಿಟ್ಟಳು. ಕ್ಯಾಂಪರ್‌ವ್ಯಾನಿನೊಳಗೆ ಕಗ್ಗತ್ತಲು. ಪಕ್ಕದಲ್ಲಿ ಗಂಡ ಶಿವರಾಜನ ಗೊರಕೆ. ಮುಂದಿನ ಬೆಂಚಿನ ಮೇಲೆ ಕೌದಿ ಹೊದ್ದು ಮಲಗಿದ್ದ ಅತ್ತೆ ಬಸಮ್ಮನ ಉಸಿರು. ಸದ್ದು ಬಂದದ್ದು ಹೊರಗಿನಿಂದ.

ಮೂರು ರಾತ್ರಿ, ಗೇಟಿಲ್ಲದ ಬಯಲಿನಲ್ಲಿ, ಕೊನೆಗೊಂದು ಗುಡ್ಡದ ನೆತ್ತಿಯಿಂದ ಸೂರ್ಯೋದಯ. ಇದು ಶಿವರಾಜ ಹಾಕಿಕೊಂಡ ಪಣ. ಬಾಗಲಕೋಟೆ ಕಡೆಯಿಂದ ಬಂದ ತಾಯಿ ಇಂಗ್ಲೆಂಡಿನ ಕೊವೆಂಟ್ರಿಯ ಮನೆಯಲ್ಲಿ ಹತ್ತು ವಾರ ಕೂತು, "ಈ ದೇಶದಾಗ ಆಕಾಶನ ಇಲ್ಲೇನೋ?" ಎಂದು ಕೇಳಿದ್ದಳು. ಅದೇ ವಾರ ಅರಿಜೋನಾದಿಂದ ಗೆಳೆಯ ಮೋಹನ ಫೋನು ಮಾಡಿ, ಅಲ್ಲಿನ ಮರುಭೂಮಿಯ ಸರಕಾರಿ ಜಮೀನಿನಲ್ಲಿ ಎರಡು ವಾರ ವ್ಯಾನು ನಿಲ್ಲಿಸಿಕೊಂಡಿದ್ದರೂ ಯಾರೂ ಕೇಳುವುದಿಲ್ಲವೆಂದು ಕೊಚ್ಚಿಕೊಂಡ. ಯಾರ್ಕ್‌ಶೈರಿನ ಮೂರ್ ಎಂಬ ಬಂಜರು ಬಯಲೂ ತಮ್ಮೂರಿನ ದನ ಮೇಯುವ ಗಾಯರಾಣದ ಹಾಗೇ ಎಂದುಕೊಂಡ ಶಿವರಾಜ, 2003ರ ಆಗಸ್ಟಿನಲ್ಲಿ ಹಳೆಯ ವ್ಯಾನೊಂದನ್ನು ಕೊಂಡೇಬಿಟ್ಟ.

"ಇಲ್ಲೆ ಹಂಗ ಎಲ್ಲೆಂದರಲ್ಲೆ ರಾತ್ರಿ ನಿಲ್ಲೂಹಂಗಿಲ್ಲರೀ," ಎಂದಿದ್ದಳು ನೇತ್ರಾ.

"ಯಾರು ಕೇಳತಾರ? ಕುರಿ ಕೇಳತಾವೇನು?"

ಎರಡನೆಯ ಸಂಜೆ ದಾರಿ ಹುಲ್ಲಿನಲ್ಲಿ ಕರಗಿಹೋಗುವಲ್ಲಿ ನಿಂತರು. ಕಣ್ಣು ಹಾಯುವಷ್ಟೂ ನೇರಳೆ ಹೂವಿನ ಕುರುಚಲು ಗಿಡ, ಅದರ ನಡುವೆ ಮೈಲುಗಟ್ಟಲೆ ಹಬ್ಬಿದ ಗಾರೆಯಿಲ್ಲದ ಕಲ್ಲುಗೋಡೆಗಳು. ದೂರದಲ್ಲಿ ಲೀಡ್ಸ್ ನಗರದ ಬೆಳಕು ಬೂದಿಯೊಳಗಿನ ಕೆಂಡದಂತೆ ಮಂಕಾಗಿತ್ತು. ಇಪ್ಪತ್ತು ಹೆಜ್ಜೆ ಇಳಿಜಾರಿನಾಚೆ ಹಳೆಯ ಕಲ್ಲಿನ ಗಣಿ. ಅದರ ತಳದಲ್ಲಿ ಕಪ್ಪು ನೀರು. ವ್ಯಾನಿನ ಹ್ಯಾಂಡ್‌ಬ್ರೇಕು ಸಡಿಲ, ಗೇರಿನಲ್ಲಿ ಬಿಟ್ಟರೂ ಜಾರುವ ಗಾಡಿ. ಅದಕ್ಕೇ ಶಿವರಾಜ ಮುಂದಿನ ಎರಡೂ ಗಾಲಿಗಳಿಗೆ ಕಲ್ಲು ಕೊಟ್ಟಿದ್ದ. ನೇತ್ರಾ ಬಗ್ಗಿ ಟಾರ್ಚು ಬಿಟ್ಟು ನೋಡಿದ್ದಳು. ಅವಳು ಎಲ್ಲವನ್ನೂ ಎರಡು ಸಲ ನೋಡುವವಳು.

ಆಮೇಲೆ ಬಸಮ್ಮ ತಗಾದೆ ತೆಗೆದಳು. "ಪೂಜಿ ಇಲ್ಲದ ಗಾಡ್ಯಾಗ ಅಮಾಸಿ ರಾತ್ರಿ ಮಲಗತೀರೇನು? ಎರಡು ಲಿಂಬಿಹಣ್ಣು ಕೊಡವಾ." ನೇತ್ರಾ ಕೊಟ್ಟು, ಒಳಗೆ ಅನ್ನಕ್ಕಿಟ್ಟಳು. ಮುದುಕಿ ಒಬ್ಬಳೇ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ಹಣ್ಣಿಟ್ಟು ಬಂದು, "ನಸುಕಿನಾಗ ತುಳಿಸಿಕೊಂಡು ಹೋಗೂಣು," ಎಂದಳು.

ಪಚ್.

ಎರಡನೆಯ ಸದ್ದು. ಲಿಂಬೆಹಣ್ಣು!

ಯಾರೂ ಓಡಿಸದೆ ಗಾಲಿ ಹಣ್ಣನ್ನು ತುಳಿದದ್ದು ಹೇಗೆ?

ಕೆಳಗೆ ಜಲ್ಲಿ ಕಿರುಗುಟ್ಟಿತು. ಸಿಂಕಿನಲ್ಲಿದ್ದ ಲೋಟ ತಾನಾಗಿ ಉರುಳಿತು.

"ರೀ! ಗಾಡಿ ಹೊಂಟದ!"

ಅವಳು ಅತ್ತೆಯ ಮೇಲಿಂದಲೇ ಹಾರಿದಳು. ಮೊಣಕಾಲು ಯಾವುದಕ್ಕೋ ಬಡಿಯಿತು. ಸೀಟಿಗೆ ಬಿದ್ದವಳೇ ಎರಡೂ ಪಾದ ಊರಿ ಬ್ರೇಕು ತುಳಿದಳು. ಗಾಲಿಗಳು ಹಿಡಿದವು. ಒದ್ದೆ ಹುಲ್ಲು ಹಿಡಿಯಲಿಲ್ಲ. ವ್ಯಾನು ಜಾರಿತು, ಓರೆಯಾಯಿತು, ಇನ್ನಷ್ಟು ಜಾರಿತು.

ನಿಂತಿತು.

ಅವಳು ದೀಪ ಹಾಕಿದಳು. ಮುಂದಿನ ಗಾಜಿನಲ್ಲಿ ನೆಲವೇ ಕಾಣಲಿಲ್ಲ.

ಶಿವರಾಜ ಹಿಂದಿನ ಬಾಗಿಲಿನಿಂದ ತಾಯಿಯನ್ನು ಇಳಿಸಿ, ಟಾರ್ಚು ಹಿಡಿದು ಮುಂದೆ ಬಂದ. "ನೇತ್ರಾ, ಕಾಲು ತಗೀಬ್ಯಾಡ. ಒಂದು ಮೊಳ ಅದ, ಅಷ್ಟ."

"ಪೊಲೀಸರಿಗೆ ಫೋನ್ ಮಾಡ್ರಿ!"

"ಸಿಗ್ನಲ್ ಇಲ್ಲ."

ಅವನು ಬಿದ್ದಿದ್ದ ಗೋಡೆಯಿಂದ ಕಲ್ಲು ಹೊತ್ತು ತಂದು ಗಾಲಿಯ ಮುಂದೆ ಸುರಿದ. ಅವು ಒಂದೊಂದೇ ಉರುಳಿ ಗಣಿಗೆ ಬಿದ್ದವು. ಎಷ್ಟೋ ಹೊತ್ತಿನ ಮೇಲೆ ನೀರಿನ ಸದ್ದು. ನೇತ್ರಾ ಬ್ರೇಕನ್ನು ಇನ್ನಷ್ಟು ಅದುಮಿದಳು.

"ಆಕಡೆ ಸರಿ, ಬದ್ಮಾಷ!" ಬಸಮ್ಮನ ಗದರು ಕೇಳಿತು. "ಎಂಜಿನಿಯರ್ ಅಂತ ಎಂಜಿನಿಯರ್! ಒಡ್ಡು ಹಾಕೂದು ಹಿಂಗೇನೋ? ದೊಡ್ಡ ಕಲ್ಲು ನೆಲಕ್ಕ ಹೂತು ಇಡು. ಸಣ್ಣವು ಸಂದಿಗೆ ಬಡಿ."

ಅರವತ್ತೆಂಟರ ಮುದುಕಿ ಸೀರೆ ಎತ್ತಿ ಕಟ್ಟಿ, ಗಣಿಯ ಅಂಚಿನಲ್ಲಿ ಕೂತು, ಹೊಲದ ಒಡ್ಡು ಕಟ್ಟಿದಂತೆಯೇ ಕಲ್ಲು ಹೊಂದಿಸಿದಳು. ಕಾಲು ಗಂಟೆಯೋ, ಅರ್ಧ ಗಂಟೆಯೋ. ನೇತ್ರಾಳ ಪಾದಕ್ಕೆ ಜೋಮು ಹತ್ತಿತ್ತು.

"ಈಗ ಹಿಂದಕ್ಕ ಹೊಡಿಯವಾ," ಎಂದಳು ಬಸಮ್ಮ.

ನೇತ್ರಾ ಕೀಲಿ ತಿರುವಿದಳು. ಗಾಲಿಗಳು ಇದ್ದಲ್ಲೇ ಗರಗರ ತಿರುಗಿ ಕೆಸರು ಎರಚಿದವು. ಕಲ್ಲೊಂದು ಅಲುಗಿತು.

"ತಡಿ, ತಡಿ!" ಬಸಮ್ಮ ಹಿಂದಿನ ಬಾಗಿಲಿನಿಂದ ಒಳಕ್ಕೆ ಬಗ್ಗಿ ತನ್ನ ಕೌದಿ ಎಳೆದಳು. ಮದುವೆಯ ಸೀರೆಗಳ ತುಂಡು ಸೇರಿಸಿ ತಾನೇ ಹೊಲಿದದ್ದು, ಊರಿಂದ ವಿಮಾನದಲ್ಲಿ ತಂದದ್ದು. ಅದನ್ನು ಗಾಲಿಗಳ ಹಿಂದೆ ಹಾಸಿ ಒತ್ತಿದಳು. "ಹೊಡಿ!"

ಗಾಲಿ ಕೌದಿಯನ್ನು ಕಚ್ಚಿತು. ವ್ಯಾನು ನರಳುತ್ತ ಒಂದು ಮೊಳ ಹಿಂದೆ ಸರಿಯಿತು, ಇನ್ನೊಂದು ಮೊಳ. ಆಮೇಲೆ ಒಮ್ಮೆಲೇ ಮೇಲೇರಿ ಸಪಾಟು ದಾರಿಗೆ ಬಂತು.

ಬೆಳಗಾಗುವಾಗ ಮೂವರೂ ಗೋಡೆಗೆ ಒರಗಿ ಚಹಾ ಕುಡಿದರು. ಹಣ್ಣು ಚಪ್ಪಟೆಯಾದ ಸದ್ದಿಗೇ ಎಚ್ಚರವಾಯಿತೆಂದು ನೇತ್ರಾ ಹೇಳಿದಳು. ಗುಡ್ಡ ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಸೂರ್ಯ ಅಲ್ಲಿಗೇ ಬಂದ. "ಬಂತಲ್ಲೋ ನಿಮ್ಮ ದೇಶದ ಆಕಾಶ," ಎಂದಳು ಬಸಮ್ಮ, ಹರಿದ ಕೌದಿಯನ್ನು ಮಡಚುತ್ತ. "ಲಿಂಬಿಹಣ್ಣು ನಮ್ಮ ಜೀವಾ ಉಳಿಸ್ತು."

ಶಿವರಾಜ ತಲೆ ತಗ್ಗಿಸಿದ. "ಕಲ್ಲು ಇಟ್ಟಂಗ ನೆನಪದ. ಇಟ್ಟಿರಲಿಲ್ಲೇನೋ. ನನ್ನದ ತಪ್ಪು."

ನೇತ್ರಾ ಎದ್ದು ವ್ಯಾನು ಮೊದಲು ನಿಂತಿದ್ದ ಜಾಗಕ್ಕೆ ಹೋದಳು. ಅಲ್ಲಿ ಎರಡು ಚಪ್ಪಟೆ ಲಿಂಬೆಹಣ್ಣು. ಮಾರು ದೂರದ ಹುಲ್ಲಿನಲ್ಲಿ ಅಕ್ಕಪಕ್ಕ ಒಪ್ಪವಾಗಿ ಇಟ್ಟ ಎರಡು ಕಲ್ಲು. ಎರಡರ ಮೇಲೂ ಕುಂಕುಮ ಹತ್ತಿದ ಬೆರಳಿನ ಗುರುತು. ಹಣ್ಣಿಗೆ ಜಾಗ ಮಾಡಲು ಅತ್ತೆ ಸರಿಸಿದವು, ಮತ್ತೆ ಗಾಲಿಗೆ ಕೊಡದೇ ಉಳಿದವು.

ಹಣ್ಣೇ ಕೊಲ್ಲುತ್ತಿತ್ತು. ಆದರೆ ಎಬ್ಬಿಸಿದ್ದೂ ಅದೇ ಹಣ್ಣು.

"ಏನವಾ, ಕಲ್ಲು ಅದಾವೇನು ಅಲ್ಲೆ?" ಬಸಮ್ಮ ಕೂಗಿದಳು.

ನೇತ್ರಾ ತೋಳಿನಿಂದ ಕುಂಕುಮ ಒರೆಸಿ, ಕಲ್ಲುಗಳನ್ನು ಎತ್ತಿ ಗೋಡೆಯ ಸಂದಿಗೆ ಸೇರಿಸಿದಳು. ಹತ್ತು ದಿನಕ್ಕೆ ಅತ್ತೆ ಊರಿಗೆ ಹೊರಡುವವಳು. ಈ ಭಾರ ಹೊತ್ತು ಹೋಗುವುದು ಬೇಡ. ಶಿವರಾಜ ತನ್ನದೇ ತಪ್ಪೆಂದು ಕೊರಗುತ್ತಾನೆ. ಕೊರಗಲಿ, ಹಾಗಾದರೂ ಹ್ಯಾಂಡ್‌ಬ್ರೇಕು ರಿಪೇರಿಯಾದೀತು. ಅವನಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ, ಎಂದೂ ಇಲ್ಲ.

"ಏನೂ ಇಲ್ಲ ಅತ್ತಿ," ಎಂದಳು. "ಲಿಂಬಿಹಣ್ಣು ಅಷ್ಟ ಅದಾವ."