ಮಾಹಿಮ್ ಖಾಡಿಯಲ್ಲಿ ಮುಳುಗಬೇಕಿದ್ದ ಕ್ಯಾಪ್ಟನ್

ದಿನಾಂಕ 8 ನವೆಂಬರ್ 2025, ಶನಿವಾರ, ಬೆಳಿಗ್ಗೆ 9.10. ಸಾಂತಾಕ್ರೂಜ್‌ನ ಪೊಲೀಸ್ ಠಾಣೆಗೆ ಹೋಟೆಲ್ ಮಾಲೀಕ ಕಾಂತಪ್ಪ, ವಯಸ್ಸು 61, ಮೂಲ ಉಡುಪಿ, ಏದುಸಿರು ಬಿಡುತ್ತ ಬಂದರು. ಕಳವಾದ ವಸ್ತು ಯಾವುದೆಂದು ಕೇಳಿದ್ದಕ್ಕೆ ಮುಂಬಯಿ ಎಂದರು.

ಹವಾಲ್ದಾರ ಅಣವೀರಪ್ಪ ಕಿಟಕಿಯಾಚೆ ಇಣುಕಿ, "ಅದ ಮೇಡಂ, ಇಲ್ಲೇ ಅದ" ಎಂದು ವರದಿ ಕೊಟ್ಟ.

ಸಬ್‌ಇನ್‌ಸ್ಪೆಕ್ಟರ್ ಶೀತಲ್ ಬಿರಾದಾರ ಸೋಲಾಪುರದವರು, ಅಣವೀರಪ್ಪ ಅಕ್ಕಲಕೋಟೆಯವ. ಕನ್ನಡದಲ್ಲಿ ಬರುವ ದೂರೆಲ್ಲ ಇವರಿಬ್ಬರ ಮೇಜಿಗೇ ಜಾರುತ್ತಿತ್ತು. ಶೀತಲ್ ನೀರು ಕುಡಿಸಿ ಕೇಳಿದಾಗ ವಿಷಯ ಹೊರಬಿತ್ತು. ಕಳವಾದದ್ದು ಕೆಂಪು ಬಟ್ಟೆಯ ರಟ್ಟಿನ, 412 ಪುಟ ತುಂಬಿದ ಉದ್ದನೆ ರಿಜಿಸ್ಟರು. ಒಂಬತ್ತು ವರ್ಷದಿಂದ ನಾಲ್ವರು ಕೂಡಿ ಅದರಲ್ಲೊಂದು ಬೇರೆಯೇ ಮುಂಬಯಿಯನ್ನು ಬರೆಯುತ್ತಿದ್ದರು. ಆ ಮುಂಬಯಿಯಲ್ಲಿ ಇಂಗ್ಲಿಷರು ಏಳು ದ್ವೀಪಗಳ ನಡುವಿನ ಕೆಸರು ನೋಡಿ ಮೂಗು ಮುಚ್ಚಿಕೊಂಡು ವಾಪಸು ಹೋಗಿದ್ದರು. ದ್ವೀಪಗಳನ್ನು ಕೂಡಿಸಲು ಸಮುದ್ರಕ್ಕೆ ಒಂದು ಬುಟ್ಟಿ ಮಣ್ಣೂ ಬಿದ್ದಿರಲಿಲ್ಲ. ಲೋಕಲ್ ರೈಲಿಲ್ಲ, ಮಂದಿ ಸಾಗಿಸುವ ಲಾಂಚ್ ಉಂಟು.

ಅಣವೀರಪ್ಪನಿಗೆ ಇಷ್ಟು ಸಾಕಾಯಿತು. ಮೂಗು ಹಿಡಿದು ಸ್ಟೇಶನ್ನಿನ ಹೆಂಗಸಿನ ದನಿ ತೆಗೆದು, ಪ್ಲಾಟ್‌ಫಾರ್ಮ್ ಕ್ರಮಾಂಕ್ ದೋನ್ ವರ್ ಯೇಣಾರಿ ಬೋಟ್ ಜಲದ್ ಬೋಟ್ ಆಹೇ ಎಂದು ಸಾರಿದ. ಜಲದ್ ಎಂದರೆ ಮರಾಠಿಯಲ್ಲಿ ವೇಗದ್ದು, ಕನ್ನಡದಲ್ಲಿ ನೀರಿನದ್ದು, ಎರಡೂ ಸರಿಯೇ ಎಂದು ತಾನೇ ಮೆಚ್ಚಿಕೊಂಡ. ಶೀತಲ್ ಒಮ್ಮೆ ನೋಡಿದ ಮೇಲೆ ಬೋಟು ನಿಂತಿತು.

ನಿಯಮವನ್ನೂ ಕಾಂತಪ್ಪ ವಿವರಿಸಿದರು. ಸರದಿಯವರು ಗುರುವಾರ ಬರೆದು, ಆ ಪುಟಗಳಿಗೆ ದಾರ ಕಟ್ಟಿ, ಹೋಟೆಲಿನ ಕಪಾಟಿನಲ್ಲಿಡಬೇಕು. ಭಾನುವಾರ ನಾಲ್ಕಕ್ಕೆ ಎಲ್ಲರೆದುರು ದಾರ ಬಿಚ್ಚಿ ಗಟ್ಟಿಯಾಗಿ ಓದಬೇಕು. ಓದಿದ್ದು ಆ ಲೋಕದಲ್ಲಿ ನಡೆದುಹೋದಂತೆ, ಮತ್ತೆ ಬದಲಿಲ್ಲ. ಓದುವ ತನಕ ಏನೂ ನಡೆದಿಲ್ಲ. ಮೊದಲೇ ದಾರ ಬಿಚ್ಚಿದವರು ಕೂಟದಿಂದ ಹೊರಗೆ.

"ಬೇರೆ ಕಾಪಿ ಇಲ್ಲ ಮಾರಾಯ್ರೆ. ಒಂಬತ್ತು ವರ್ಷದ್ದು ಪೂರ ಅದರಲ್ಲೇ ಉಂಟು. ನಾಳೆ ನಾಲ್ಕು ಗಂಟೆಗೆ ನಾವು ಎಂತ ಓದುವುದು?"

9.50ಕ್ಕೆ ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಪಂಚನಾಮೆ. ಕಪಾಟಿನ ಬೀಗಕ್ಕೆ ಗೀರೂ ಬಿದ್ದಿರಲಿಲ್ಲ. ಕೀಲಿ ನಾಲ್ಕು, ನಾಲ್ವರ ಬಳಿ ಒಂದೊಂದು. ಗುರುವಾರ ರಾತ್ರಿ ಎಂಟಕ್ಕೆ ಒಳಗಿದ್ದ ರಿಜಿಸ್ಟರು ಶುಕ್ರವಾರ ಸಂಜೆ ಏಳಕ್ಕೆ ಇರಲಿಲ್ಲ. ಸಾಕ್ಷಿಗೆ ಕರೆದ ಪಂಚರಲ್ಲೊಬ್ಬ ಪಕ್ಕದ ಝೆರಾಕ್ಸ್ ಅಂಗಡಿಯವ. ಒಂಬತ್ತು ವರ್ಷದಲ್ಲಿ ಇವರು ಒಮ್ಮೆಯೂ ತನ್ನಂಗಡಿಯ ಮೆಟ್ಟಿಲು ಹತ್ತಲಿಲ್ಲವೆಂದು ಆತ ಸಹಿಯ ಜೊತೆಗೆ ಸಂಕಟವನ್ನೂ ದಾಖಲಿಸಲು ಹೊರಟ.

ಮೊದಲ ವಿಚಾರಣೆ ನಾಲ್ವರಲ್ಲೊಬ್ಬರಾದ ವಸಂತಿ ಟೀಚರ್ ಅವರದು, ನಿವೃತ್ತ ಶಿಕ್ಷಕಿ, ಬಾಂದ್ರಾ. ಕಾಂತಪ್ಪನವರ ಜೊತೆ ಇವರದು ಒಂಬತ್ತು ತಿಂಗಳ ಯುದ್ಧವಾಗಿತ್ತು. ಇಂಗ್ಲಿಷರೇ ನಿಲ್ಲದ ಊರಲ್ಲಿ ಚಹಾ ಎಲ್ಲಿಂದ ಬಂತು ಎಂದು ಟೀಚರ್, ಚಹಾ ಇಲ್ಲದ ಊರಲ್ಲಿ ನಾನು ಹೋಟೆಲ್ ಹೇಗೆ ನಡೆಸಲಿ ಎಂದು ಕಾಂತಪ್ಪ. ಕೊನೆಗೆ ಕಷಾಯಕ್ಕೆ ರಾಜಿಯಾಗಿತ್ತು. ಟೀಚರ್ ಗುರುವಾರ ಮಧ್ಯಾಹ್ನದಿಂದ ಪುಣೆಯ ಮಗಳ ಮನೆಯಲ್ಲಿದ್ದು ಅಂದು ಬೆಳಿಗ್ಗೆಯಷ್ಟೇ ಮರಳಿದ್ದರು. ಟಿಕೆಟ್ ತೋರಿಸಿದರು.

12.15ಕ್ಕೆ ಸೃಜನ್ ಬಂದ. ವಯಸ್ಸು 23, ಶಾಲೆಯಲ್ಲಿದ್ದಾಗಲೇ ಕೂಟ ಸೇರಿದವ, ಈಗ ಮಲಾಡಿನ ಆಫೀಸಿನಲ್ಲಿ ಕೆಲಸ, ಈ ವಾರದ ಸರದಿ ಅವನದೇ. ಈ ಭಾನುವಾರ ಒಬ್ಬರು ದೊಡ್ಡವರು ಹೋಗ್ತಾರೆ ಎಂದು ವಾರವಿಡೀ ನಗುತ್ತಿದ್ದನೆಂದು ಕಾಂತಪ್ಪ ಹೇಳಿದ್ದರು. ಯಾರೆಂದು ಶೀತಲ್ ಕೇಳಿದರು.

"ಮ್ಯಾಮ್, ಹೇಳ್ಲಿಕ್ಕೆ ಆಗಲ್ಲ. ಅದು ಇನ್ನೂ ಹ್ಯಾಪನ್ ಆಗಿಲ್ಲ."

"ಕಳವು ಹ್ಯಾಪನ್ ಆಗಿದೆ. ಹೇಳು."

ಉಳಿದವರನ್ನು ಹೊರಗೆ ಕಳಿಸಿದ ಮೇಲೆ, ಬೇರೆ ಒಂದು ಜೀವಕ್ಕೂ ಹೇಳಿಲ್ಲವೆಂದು ಆಣೆ ಮಾಡಿ ಪಿಸುಗುಟ್ಟಿದ. ಅಷ್ಟಮಿಯ ಸಂಜೆ, ಸಮುದ್ರ ಉಕ್ಕೇರಿದ ಭರತಿಯಲ್ಲಿ, ಕಡಲ ನೀರು ಒಳನುಗ್ಗುವ ಮಾಹಿಮ್ ಖಾಡಿಯ ಬಾಯಲ್ಲಿ ಲಾಂಚ್ ಮಗುಚುತ್ತದೆ. ಎಲ್ಲರನ್ನೂ ದಡ ಸೇರಿಸಿ ಅದರ ಕ್ಯಾಪ್ಟನ್ ಮಹಾದೇವಿ ಮುಳುಗುತ್ತಾಳೆ. ಒಂಬತ್ತು ವರ್ಷ ಯಾರೂ ಸಾಯದ ಲೋಕ ಬೋರಿಂಗ್ ಎಂಬುದು ಅವನ ವಾದ.

"ಆ ಕ್ಯಾಪ್ಟನ್‌ನ ಯಾರು ಹುಟ್ಟಿಸಿದ್ದು?"

"ಶರಣಬಸಪ್ಪ ಅಂಕಲ್."

ಮಧ್ಯಾಹ್ನ 3.05, ಬಾಂದ್ರಾದ ಒಂದು ಕಟ್ಟಡದ ಸೈಟು. ಸೆಂಟ್ರಿಂಗ್ ಮೇಸ್ತ್ರಿ ಶರಣಬಸಪ್ಪ, ವಯಸ್ಸು 52, ಮೂಲ ಕಲಬುರಗಿ ಕಡೆಯ ಹಳ್ಳಿ, ವಾಸ ಮಲಾಡಿನ ಚಾಳಿನ ಒಂದು ಕೋಣೆ. ಹಗಲೆಲ್ಲ ಕಾಂಕ್ರೀಟು ಸುರಿಸಿ, ಭಾನುವಾರ ಸಮುದ್ರದಿಂದ ಕಾಂಕ್ರೀಟನ್ನೆಲ್ಲ ಎತ್ತಿಹಾಕುವ ಮನುಷ್ಯ. ಶುಕ್ರವಾರ ಹೋಟೆಲ್ ಕಡೆ ಹೋಗಿಲ್ಲ ಎಂದ. ರಿಜಿಸ್ಟರು ಹೋದದ್ದಕ್ಕೆ ದುಃಖವಾಗಿದೆ ಎಂದ. ಮುಖದಲ್ಲಿ ದುಃಖ ನಿಜವಾಗಿಯೇ ಇತ್ತು. ಶೀತಲ್ ಟಿಪ್ಪಣಿ ಪುಸ್ತಕ ಮಡಚಿ, ಹೊರಡುವವರಂತೆ, ಸೃಜನ್ ಹೇಗೆ ಬರೆಯುತ್ತಾನೆಂದು ಕೇಳಿದರು.

"ಹುಡುಗ ಶ್ಯಾಣ್ಯಾ ಅದಾನ್ರಿ. ಆದ್ರ ನೀರಿನ ಅಂದಾಜಿಲ್ಲ. ಅಷ್ಟಮಿ ದಿನ ಖಾಡಿಯೊಳಗ ಅಷ್ಟು ಭರತಿ ಎಲ್ಲಿಂದ ಬರ್ಬೇಕ್ರಿ? ಹುಣ್ಣಿವಿ ಅಮಾಸಿ ಮಾತು ಬ್ಯಾರೆ. ಎರಡು ವರ್ಷ ಅಲ್ಲೇ ಬ್ರಿಡ್ಜಿನ ಕೆಲಸಾ ಮಾಡೀನಿ. ಆ ನೀರಾಗ ಲಾಂಚ್ ಮಗಚೂದೇ ಇಲ್ಲ."

"ಯಾವ ಲಾಂಚ್?" ಎಂದರು ಶೀತಲ್.

ಶರಣಬಸಪ್ಪ ತಲೆಯ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಣವೀರಪ್ಪ ಮಲಾಡಿನ ವಿಳಾಸ ಬರೆದುಕೊಂಡ.

ಸಂಜೆ 5.40, ಮಲಾಡ್. ಚಾಳಿನ ಬಾಗಿಲು ತೆರೆದ ಶರಣಬಸಪ್ಪನ ಹೆಂಡತಿ, ಹೆಸರು ಕೇಳಿದಾಗ, ಮಹಾದೇವಿ ಎಂದಳು. ಅದೇ ಸೈಟಿನಲ್ಲಿ ಇಟ್ಟಿಗೆ ಹೊರುವವಳು, ಅಂದು ರಜೆ ಹಾಕಿದ್ದಳು. ಪೊಲೀಸರನ್ನು ಕಂಡು ಹೆದರಲಿಲ್ಲ, ಚಾಪೆ ಹಾಸಿದಳು. ಪುಸ್ತಕದ ಕ್ಯಾಪ್ಟನ್ ನೀವೇ ಏನು ಎಂದು ಶೀತಲ್ ಕೇಳಿದ್ದಕ್ಕೆ ಸೆರಗು ಬಾಯಿಗೊತ್ತಿ ನಕ್ಕಳು.

"ಹೌದ್ರಿ ಬಾಯಾರ. ಚೌಪಾಟಿಯಾಗ ಮೊಣಕಾಲತನಾ ನೀರಿಗಿಳದಾಕಿ ಅಲ್ಲ ನಾ. ಅಲ್ಲಿ ನೋಡಿದ್ರ ನಾಕ್ನೂರು ಮಂದೀನ ಕೂಡ್ರಿಸ್ಕೊಂಡು ಹೊಂಟಿರ್ತೀನಿ. ನಾಳಿ ಐತವಾರ, ಏನ್ ಮಾಡ್ತೀನೋ ಏನೋ."

ಶರಣಬಸಪ್ಪ ಗೋಡೆ ನೋಡುತ್ತ ನಿಂತಿದ್ದ. ಅಟ್ಟದ ಮೇಲೆ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ, ರಿಜಿಸ್ಟರು ಸಿಕ್ಕಿತು. ದಾರವನ್ನು ಮತ್ತೆ ಅಚ್ಚುಕಟ್ಟಾಗಿ ಕಟ್ಟಲಾಗಿತ್ತು. ಜಪ್ತಿ ಪಂಚನಾಮೆ 6.15. ಬಂಧನ 6.40.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಆತ ಏನನ್ನೂ ಮುಚ್ಚಿಡಲಿಲ್ಲ. ಹೆಂಡತಿಗೆ ಓದು ಬರದು. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಊಟಕ್ಕೆ ಕೂತಾಗ ಆಕೆ ಕೇಳುವುದು ಒಂದೇ, ಈ ವಾರ ನಾನು ಏನು ಮಾಡಿದೆ ಅಂತ. ಸೃಜನ್ ನಗುವುದು ಕಂಡು ಅನುಮಾನ ಬಂದು ಶುಕ್ರವಾರ ದಾರ ಬಿಚ್ಚಿದ್ದ. ತಕರಾರು ಎತ್ತಿದರೆ ಬಿಚ್ಚಿದ್ದು ಬಯಲಾಗುತ್ತದೆ, ಸುಮ್ಮನಿದ್ದರೆ ಭಾನುವಾರ ಆಕೆ ಮುಳುಗುತ್ತಾಳೆ.

"ಆಕಿಗೆ ಸುಳ್ಳು ಹೇಳಿದ್ರ ಆಗ್ತಿರಲಿಲ್ಲೇನು?" ಎಂದ ಅಣವೀರಪ್ಪ.

"ಆಕಿ ಮುಂದ ಆಗಂಗಿಲ್ರಿ."

"ಆ ಪುಟ ಹರಿದು ಹಾಕಬಹುದಿತ್ತು" ಎಂದರು ಶೀತಲ್.

"ಅದರ ಬೆನ್ನಿಗೆ ಹಿಂದಿನ ವಾರದ್ದು ಇತ್ರಿ. ಅದರಾಗ ಆಕಿ ಹಾಡ್ಕೋತ ವರ್ಳಿ ದಾಟ್ಯಾಳ."

ಭಾನುವಾರ 11.30ಕ್ಕೆ ರಜಾ ನ್ಯಾಯಾಲಯದಲ್ಲಿ ಜಾಮೀನಾಯಿತು. ದೂರುದಾರನ ಜಾಗದಲ್ಲೂ ಜಾಮೀನುದಾರನ ಜಾಗದಲ್ಲೂ ಕಾಂತಪ್ಪನವರದೇ ಹೆಸರು ಕಂಡು ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡರು. ಮೆಟ್ಟಿಲಲ್ಲಿ ಸೃಜನ್ ಎದುರಾದ. ನಿನ್ನೆಯಿಂದ ನಿದ್ದೆ ಮಾಡಿದಂತಿರಲಿಲ್ಲ. ಕ್ಯಾಪ್ಟನ್‌ನನ್ನು ಬದುಕಿಸಿ ಬರೆಯುತ್ತೇನೆ, ರಿಜಿಸ್ಟರು ಅರ್ಧ ಗಂಟೆ ಕೊಡಿ ಎಂದ.

ಶೀತಲ್ ಆಗದೆಂದು ತಲೆಯಾಡಿಸಿದರು. ಅದೀಗ ಮುದ್ದೆಮಾಲು, ಕೋರ್ಟಿನ ಸ್ವತ್ತು. ಒಂದು ಅಕ್ಷರ ತಿದ್ದುವಂತಿಲ್ಲ, ದಾರ ಬಿಚ್ಚುವಂತಿಲ್ಲ, ಗಟ್ಟಿಯಾಗಿ ಓದುವಂತಂತೂ ಇಲ್ಲವೇ ಇಲ್ಲ. ಬೇಕಿದ್ದರೆ ಕಾಂತಪ್ಪ ನಾಳೆಯೇ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು.

ಮೆಟ್ಟಿಲಲ್ಲಿ ನಿಂತ ಎಲ್ಲರೂ ಕಾಂತಪ್ಪನವರ ಮುಖ ನೋಡಿದರು. ಒಂಬತ್ತು ವರ್ಷದ ಊರು ಅವರದು. ಅವರು ಜೇಬಿನಿಂದ ತಮ್ಮ ಪಾಲಿನ ಕಪಾಟಿನ ಕೀಲಿ ತೆಗೆದು ಶರಣಬಸಪ್ಪನ ಕೈಗಿಟ್ಟರು.

"ಅರ್ಜಿಗೆ ಅವಸರ ಎಂತದು? ಕೇಸು ನಡೆಯುವಷ್ಟು ದಿನ ನಡೆಯಲಿ. ಓದುವ ತನಕ ಯಾರೂ ಮುಳುಗುವುದಿಲ್ಲವಲ್ಲ."

ಆ ಸಂಜೆ ನಾಲ್ಕಕ್ಕೆ ಫ್ಯಾಮಿಲಿ ರೂಮಿನಲ್ಲಿ ಹೊಸ ರಿಜಿಸ್ಟರು ತೆರೆಯಿತು. ಐದನೆಯ ಕುರ್ಚಿಯಲ್ಲಿ ಮಹಾದೇವಿ ಕೂತಿದ್ದಳು. ತಾನು ಹೇಳುತ್ತೇನೆ, ಈ ಹುಡುಗ ಬರೆದುಕೊಳ್ಳಲಿ ಎಂದಳು. ಸೃಜನ್ ಆಕೆಯ ಮಾತಿನ ವೇಗಕ್ಕೆ ತಡವರಿಸುತ್ತ ಬರೆಯತೊಡಗಿದ. ಮೊದಲ ಅರ್ಧ ಪುಟದಲ್ಲೇ ಆಕೆ ಮಝಗಾಂವ್ ದ್ವೀಪದ ಮೇಲೆ ಯುದ್ಧ ಸಾರಿದಳು.