ದಣಿಯದವಳ ಫೇಸ್‌ಲಿಫ್ಟ್

"ಡಾಕ್ಟ್ರೇ, ಒಂದು ನಿಮಿಷ ಏನೂ ಮಾತಾಡ್ಬೇಡಿ. ನಾನು ಹೇಳಿ ಮುಗಿಸ್ಬಿಡ್ತೀನಿ. ಇಲ್ಲಾಂದ್ರೆ ಧೈರ್ಯ ಹೋಗ್ಬಿಡುತ್ತೆ."

ಅವಳು ಬಾಗಿಲು ತಳ್ಳಿಕೊಂಡು ಬಂದ ರಭಸಕ್ಕೆ ಮೇಜಿನ ಮೇಲಿದ್ದ ಕಾಗದಗಳು ಹಾರಿದವು. ಮೇಜಿನ ಹಿಂದೆ ಕೂತಿದ್ದ ಬಿಳಿ ಅಂಗಿಯ, ನರೆತ ಗಡ್ಡದ ಮನುಷ್ಯ ಎರಡೂ ಕೈಯಲ್ಲಿ ಅವನ್ನು ಒತ್ತಿ ಹಿಡಿದು, ಬಾಯಿ ತೆರೆದು, ಮತ್ತೆ ಮುಚ್ಚಿದ.

"ನಂಗೆ ಐವತ್ತೇಳು. ಮೂವತ್ತು ವರ್ಷದಿಂದ ಈಜು ಕಲಿಸ್ತಿದೀನಿ. ಇವತ್ತಿಗೂ ಒಂದೇ ಉಸಿರಿಗೆ ಈಚೆ ದಡದಿಂದ ಆಚೆ ದಡಕ್ಕೆ ನೀರೊಳಗೇ ಹೋಗ್ತೀನಿ. ಆದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಜನ ಕೇಳೋದು ಒಂದೇ, 'ಯಾಕೆ ಮೇಡಂ, ಸುಸ್ತಾಗಿದೀರಾ?' ನಂಗೆ ಸುಸ್ತಾಗಿಲ್ಲ! ಸುಸ್ತಾಗಿರೋದು ಈ ಮುಖಕ್ಕೆ. ನಾನೊಂದು ಹೇಳಿದ್ರೆ ಇದೊಂದು ಹೇಳುತ್ತೆ."

ಕೂದಲನ್ನು ಹಿಂದಕ್ಕೆಳೆದು, ದವಡೆಯ ಕೆಳಗೆ ಜೋತುಬಿದ್ದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. ಆಮೇಲೆ ಕುತ್ತಿಗೆ.

ಅವನು ನೋಡಿದ. ಅವಸರವಿಲ್ಲದ ನೋಟ. ಹುಬ್ಬಿನಿಂದ ಕೆನ್ನೆಗೆ, ಕೆನ್ನೆಯಿಂದ ತುಟಿಯಂಚಿಗೆ, ಅಲ್ಲಿಂದ ಗಲ್ಲಕ್ಕೆ ಇಳಿದು, ಎಲ್ಲಿಯೂ ಮುಗ್ಗರಿಸದೆ ಮತ್ತೆ ಕಣ್ಣಿಗೆ ಬಂದು ನಿಂತಿತು. ಗಂಡ ತೀರಿಕೊಂಡ ಹನ್ನೆರಡು ವರ್ಷಗಳಲ್ಲಿ ಯಾರೂ ಅವಳನ್ನು ಇಷ್ಟು ಹೊತ್ತು ನೋಡಿರಲಿಲ್ಲ.

"ಅಲ್ಲ, ನಾನು..." ಎಂದ ಅವನು.

"ದಾರ ಹಾಕಿ ಎಳೀತಾರಂತಲ್ಲ, ಅದು ಸಾಕಾ?"

ಉತ್ತರದ ಚಿತ್ರ ಅವನ ಅಂಗೈ ಕೆಳಗೇ ಇತ್ತು. ತಡೆದುಕೊಳ್ಳಲಾಗಲಿಲ್ಲ. "ಅದು ಹೆಚ್ಚು ದಿನ ನಿಲ್ಲಲ್ಲ. ಇದು ನೋಡಿ, ಮಿನಿ ಲಿಫ್ಟ್. ಕಿವಿ ಮುಂದೆ ಚಿಕ್ಕ ಗಾಯ, ಬೇಗ ವಾಸಿಯಾಗುತ್ತೆ. ಈಗ್ತಾನೆ ಜೋಲೋಕೆ ಶುರುವಾದವರಿಗೆ ಸರಿ. ಕುತ್ತಿಗೆಗೆ ಅಷ್ಟು ಉಪಯೋಗ ಇಲ್ಲ."

"ಬರೀ ಚರ್ಮ ಬಿಗಿ ಮಾಡಿದ್ರೆ?"

"ಬಿರುಗಾಳಿಗೆ ಮುಖ ಒಡ್ಡಿ ನಿಂತ ಹಾಗೆ ಕಾಣುತ್ತೆ." ಅವಳು ನಕ್ಕಳು. ಅವನಿಗೆ ಉತ್ಸಾಹ ಬಂತು. "ಚರ್ಮದ ಕೆಳಗೆ ಗಟ್ಟಿ ಪದರ ಒಂದಿದೆ. ಅದನ್ನ ಎತ್ತಿ ಹೊಲಿದ್ರೆ ಚರ್ಮ ಸುಮ್ನೆ ಮೇಲೆ ಬಂದು ಕೂರುತ್ತೆ. ಇನ್ನೊಂದು, ಡೀಪ್ ಪ್ಲೇನ್. ಆ ಪದರದ ಕೆಳಗೇ ಹೋಗಿ, ಒಳಗೆ ಕಟ್ಟಿ ಹಿಡಿದಿರೋದನ್ನ ಬಿಡಿಸಿ, ಎಲ್ಲಾ ಒಟ್ಟಿಗೇ ಎತ್ತೋದು. ಮುಖದ ನರಗಳು ಅಲ್ಲೇ ಓಡಾಡ್ತವೆ. ಕೈ ಚೆನ್ನಾಗಿ ಪಳಗಿರ್ಬೇಕು."

"ನಂಗೆ ಯಾವುದು?"

"ಮುಖ ಮುಟ್ಟಿ ನೋಡಿ ಹೇಳ್ಬೇಕು."

"ಮುಟ್ಟಿ, ಮತ್ತೆ!"

ಅವನ ಕಿವಿ ಕೆಂಪಾಯಿತು. "ಮುಟ್ಟೋ ಹಕ್ಕು ನಂಗಿಲ್ಲ."

ಅಷ್ಟರಲ್ಲಿ ಬಾಗಿಲು ತೆರೆದು, ಆಪರೇಷನ್ ಟೋಪಿ ತೊಟ್ಟ ಗಿಡ್ಡ ಹೆಂಗಸೊಬ್ಬರು ಬಂದರು. "ಕ್ಷಮಿಸಿ, ಥಿಯೇಟರಲ್ಲಿ ತಡ ಆಯ್ತು. ಓ, ನಮ್ಮ ಕಲಾವಿದರ ಪರಿಚಯ ಆಯ್ತಾ? ಪೇಷೆಂಟ್‌ಗಳಿಗೆ ಕೊಡೋ ಪುಸ್ತಕಕ್ಕೆ ಚಿತ್ರ ಬರೀತಿದಾರೆ. ರೀ, ನನ್ನ ಕುರ್ಚಿ ಬಿಡಿ."

ಅವಳು ಸರಕ್ಕನೆ ಕೂದಲು ಬಿಟ್ಟು ಕುತ್ತಿಗೆ ಮುಚ್ಚಿಕೊಂಡಳು. "ನೀವು ಡಾಕ್ಟ್ರಲ್ವಾ?"

"ಮೂರು ಸಲ ಹೇಳೋಕೆ ಬಾಯಿ ತೆಗೆದೆ."

"ನಾಲ್ಕನೇ ಸಲ ತೆಗೀಬೇಕಿತ್ತು!"

ಅವನು ಕಾಗದಗಳನ್ನು ಎದೆಗವಚಿಕೊಂಡು ಓಡಿಹೋದ.

ಡಾಕ್ಟರ್ ಅವಳ ಮುಖವನ್ನು ಮುಟ್ಟಿ, ತಿರುಗಿಸಿ, ನಗಿಸಿ, ಹುಬ್ಬು ಗಂಟಿಕ್ಕಿಸಿ ನೋಡಿದರು. ಡೀಪ್ ಪ್ಲೇನ್, ಜೊತೆಗೆ ಕುತ್ತಿಗೆಯದ್ದೂ ಎಂದು ತೀರ್ಮಾನವಾಯಿತು. "ನಿಮ್ಮನ್ನ ಇಪ್ಪತ್ತರ ಹುಡುಗಿ ಮಾಡಲ್ಲ ನಾನು. ಚೆನ್ನಾಗಿ ನಿದ್ದೆ ಮಾಡಿ ಎದ್ದ ನೀವೇ ಇರ್ತೀರಿ. ವಯಸ್ಸು ನಿಲ್ಲಲ್ಲ, ಸ್ವಲ್ಪ ಹಿಂದಿನಿಂದ ಮತ್ತೆ ನಡೆಯೋಕೆ ಶುರು ಮಾಡುತ್ತೆ ಅಷ್ಟೇ. ಒಂದು ವಾರ ಕನ್ನಡಿ ನೋಡಿ ನನ್ನನ್ನ ಬಯ್ತೀರಿ. ಆರು ವಾರ ನೀರಿಗಿಳಿಯೋ ಹಾಗಿಲ್ಲ."

"ಆರು ವಾರಾನಾ!" ಅವಳಿಗೆ ಗಾಯಕ್ಕಿಂತ ದೊಡ್ಡ ಹೆದರಿಕೆ ಅದೇ ಆಯಿತು. ಆದರೂ ದಿನ ಗೊತ್ತು ಮಾಡಿಕೊಂಡೇ ಎದ್ದಳು.

ಮಾರನೇ ದಿನ ಬೆಳಿಗ್ಗೆ ಈಜುಕೊಳದ ಅಂಚಿನಲ್ಲಿ ಶೂ ಹಾಕಿಕೊಂಡು ಯಾರೋ ನಿಂತಿದ್ದರು. ಅವಳು ಸೀಟಿ ಊದಿದಳು. "ಶೂ ಬಿಚ್ಚಿ!"

ಬಿಚ್ಚಿದವನು ಅವನೇ. ಕಿವಿಯ ಮೇಲೆ ಪೆನ್ಸಿಲ್ ಇತ್ತು. "ಕ್ಷಮೆ ಕೇಳೋಕೆ ಬಂದೆ."

"ಈಜು ಬರುತ್ತಾ?"

"ಬಕೆಟ್ ನೀರು ಕಂಡ್ರೂ ಭಯ."

"ಹಾಗಾದ್ರೆ ಶಿಕ್ಷೆ ಸಿಕ್ತು. ನಾಳೆ ಆರೂವರೆಗೆ ಬನ್ನಿ, ಪೆನ್ಸಿಲ್."

ಅಂದಿನಿಂದ ಅವನಿಗೆ ಅದೇ ಹೆಸರಾಯಿತು. ಅವನು ಅವಳನ್ನು ಕೋಚ್ ಎಂದು ಕರೆಯತೊಡಗಿದ. ಐದು ವಾರದಲ್ಲಿ ಅವನು ಕಲಿತಿದ್ದು ಬೆನ್ನ ಮೇಲೆ ತೇಲುವುದೊಂದೇ. ಅದೂ ಅವಳ ಅಂಗೈ ಬೆನ್ನ ಕೆಳಗಿದ್ದರೆ ಮಾತ್ರ. ಕೈ ತೆಗೆದರೆ ಮುಳುಗುತ್ತಿದ್ದ. ಮುಳುಗುವುದು ಬೇಕೆಂತಲೇ ಎಂಬ ಅನುಮಾನ ಅವಳಿಗೆ ಬರದೆ ಇರಲಿಲ್ಲ. ಕೈ ತೆಗೆಯುವುದನ್ನೇ ನಿಧಾನ ಮಾಡುತ್ತಿದ್ದಳು.

ಆಪರೇಷನ್‌ಗೆ ಎರಡು ದಿನವಿತ್ತು. ಇಬ್ಬರೂ ನೀರಿಗೆ ಕಾಲಿಳಿಬಿಟ್ಟು ಕೂತಿದ್ದರು.

"ಬೇಡ ಅಂತ ಒಂದು ಸಲಾನೂ ಹೇಳ್ಲಿಲ್ಲ ನೀವು," ಎಂದಳು.

"ಮಾಡಿಸ್ಕೊಳ್ಳಿ ಅಂತಾನೂ ಹೇಳ್ಲಿಲ್ಲ."

"ಯಾಕೆ?"

ಅವನು ನೀರನ್ನು ನೋಡಿದ. "ಬೇಡ ಅಂದ್ರೆ ನಿಮ್ಮ ಮಾತಿಗೆ ಬೆಲೆ ಕೊಡ್ಲಿಲ್ಲ ಅಂತ ಆಗುತ್ತೆ. ಬೇಕು ಅಂದ್ರೆ ನಿಮ್ಮ ಮುಖಕ್ಕೆ ಕೊಡ್ಲಿಲ್ಲ ಅಂತ. ನಂಗೆ ಎರಡೂ ಇಷ್ಟ."

ಅವಳು ದುಡುಮ್ಮನೆ ನೀರಿಗೆ ಧುಮುಕಿದಳು. ಆಚೆ ದಡದಲ್ಲಿ ತಲೆಯೆತ್ತಿ ಕೂಗಿದಳು, "ಮೂರು ವಾರ ನನ್ನ ಮುಖ ನೋಡಂಗಿಲ್ಲ! ಆಣೆ ಮಾಡಿ!"

"ಫೋನ್?"

"ಮಾಡ್ಬಹುದು. ವಿಡಿಯೋ ಇಲ್ಲ!"

ಕೂಗಿದ್ದು ತಮಾಷೆಗಾದರೂ ಒಳಗೆ ಅಳುಕಿತ್ತು. ಅವನು ಮನಸೋತಿದ್ದು ಈ ಮುಖಕ್ಕೆ. ಇದನ್ನೇ ಬದಲಾಯಿಸಿಕೊಂಡ ಮೇಲೆ ಅವನು ಬರುತ್ತಾನೋ ಇಲ್ಲವೋ? ಆದರೂ ಹಿಂದೆಗೆಯಲಿಲ್ಲ. ಮುಖ ತನ್ನದು, ಆಸೆಯೂ ತನ್ನದು.

ಆಪರೇಷನ್ ಐದು ಗಂಟೆ ಹಿಡಿಯಿತು. ಎಚ್ಚರವಾದಾಗ ತಲೆಗೆ ಪಟ್ಟಿ, ಕಿವಿಗಳ ಹಿಂದೆ ರಕ್ತ ಹರಿದುಹೋಗಲು ಸಣ್ಣ ಕೊಳವೆಗಳು, ಪಕ್ಕದಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಅಕ್ಕ. ಮಾರನೇ ಬೆಳಿಗ್ಗೆ ಕೊಳವೆ ತೆಗೆದು ಮನೆಗೆ ಕಳಿಸಿದರು. ಅಕ್ಕ ಮೂರು ದಿಂಬು ಪೇರಿಸಿ ಒರಗಿಸಿದಳು. ನೋವು ಅಂದುಕೊಂಡಷ್ಟಿರಲಿಲ್ಲ. ಮುಖ ಮಾತ್ರ ಯಾರದೋ ಬಿಗಿಯಾದ ಟೋಪಿ ತೊಟ್ಟಂತಿತ್ತು.

ಮಧ್ಯಾಹ್ನ ಅವನ ಫೋನ್ ಬಂತು. "ಹೇಗಿದೀರಿ, ಕೋಚ್?"

"ಕುಂಬಳಕಾಯಿ ಹಾಗೆ," ಎಂದಳು ಹಲ್ಲು ಕಚ್ಚಿಕೊಂಡೇ. "ಎಡಗಡೆ ಸಿಡೀತಿದೆ ರೀ. ಊದೋದು ಸಹಜ ಅಂತ ಅಕ್ಕ ಹೇಳ್ತಿದಾಳೆ."

ಅವನ ದನಿ ಬದಲಾಯಿತು. "ಎರಡೂ ಕಡೆ ಒಂದೇ ಸಮ ಊದಿದ್ಯಾ?"

"ಇಲ್ಲ. ಎಡಗಡೆ ಎರಡರಷ್ಟು. ಒಂದು ಗಂಟೆಯಿಂದ ಜಾಸ್ತಿ ಆಗ್ತಿದೆ. ಕಲ್ಲಿನ ಹಾಗೆ ಗಟ್ಟಿ."

"ಅಕ್ಕನಿಗೆ ಈಗ್ಲೇ ಆಸ್ಪತ್ರೆಗೆ ಫೋನ್ ಮಾಡೋಕೆ ಹೇಳಿ. ಒಳಗೆ ರಕ್ತ ತುಂಬ್ಕೊಳ್ತಿರ್ಬಹುದು, ನಾನೇ ಆ ಚಿತ್ರ ಬರ್ದಿದೀನಿ. ಕಾರು ತರ್ತೀನಿ."

"ನನ್ನ ಮುಖ ನೋಡಂಗಿಲ್ಲ!"

"ನೋಡಲ್ಲ. ರಸ್ತೆ ನೋಡ್ತೀನಿ."

ಹತ್ತು ನಿಮಿಷಕ್ಕೆ ಕಾರು ಬಂತು. ಅವನು ಇಳಿಯಲಿಲ್ಲ, ತಿರುಗಲಿಲ್ಲ. ಒಳಗಿನ ಕನ್ನಡಿಯನ್ನು ಛಾವಣಿಯತ್ತ ತಿರುಗಿಸಿಟ್ಟಿದ್ದ. ಹಿಂದಿನ ಸೀಟಿನಲ್ಲಿ ಅಕ್ಕ ಕತ್ತು ತಿರುಗಿಸಿ ಕೂತು, ತರಗತಿಗೆ ಪಾಠ ಹೇಳುವವಳಂತೆ ಕೂಗುತ್ತಾ ಹೋದಳು.

"ಹಿಂದೆ ಬಸ್ಸು! ಬಲಕ್ಕೆ ಹೋಗ್ಬೇಡಿ! ಹಾಂ, ಈಗ ಹೋಗಿ! ಅಯ್ಯೋ, ಸ್ಕೂಟರು!"

ಪಟ್ಟಿಯೊಳಗೆ ಕೆನ್ನೆ ಸಿಡಿಯುತ್ತಿದ್ದರೂ ಅವಳಿಗೆ ನಗು ತಡೆಯಲಾಗಲಿಲ್ಲ. "ನಗಿಸ್ಬೇಡಿ, ಹೊಲಿಗೆ ಬಿಚ್ಚುತ್ತೆ!" ಎಂದಳು. ಅವಸರದಲ್ಲಿ ಅವನು ಅಂಗಿಯನ್ನು ಒಳಹೊರಗು ಮಾಡಿ ತೊಟ್ಟು ಬಂದಿದ್ದುದು ಅವಳಿಗೆ ಕಂಡಿತು. ಆ ಕ್ಷಣವೇ ಅವಳಿಗೆ ಅವನ ಮನಸ್ಸು ಗೊತ್ತಾಗಿಹೋಯಿತು.

"ಒಳ್ಳೇ ಹೊತ್ತಿಗೆ ಬಂದ್ರಿ," ಎಂದ ಡಾಕ್ಟರ್ ಅವಳನ್ನು ಸೀದಾ ಥಿಯೇಟರಿಗೆ ಕರೆದೊಯ್ದು, ಕಟ್ಟಿಕೊಂಡ ರಕ್ತ ತೆಗೆದರು. "ಅಪರೂಪಕ್ಕೆ ಹೀಗಾಗುತ್ತೆ. ಸುಮ್ನೆ ಬಿಟ್ಟಿದ್ರೆ ಕೆನ್ನೆ ಚರ್ಮಕ್ಕೇ ಅಪಾಯ ಇತ್ತು."

ಹೊರಗಿಂದ ಬಂದ ಅಕ್ಕ ಪಿಸುಗುಟ್ಟಿದಳು, "ಕಾರಿಡಾರಲ್ಲಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದಾನೆ ಕಣೇ. ಟೀ ಕೊಟ್ರೂ ತಿರುಗ್ಲಿಲ್ಲ. ಇಂಥವ್ನನ್ನ ಎಲ್ಲಿ ಹಿಡಿದೆ?"

"ಡಾಕ್ಟರ್ ಕುರ್ಚಿ ಮೇಲೆ," ಎಂದಳು ಇವಳು.

ಆಮೇಲೆ ಎಲ್ಲವೂ ನೆಟ್ಟಗಾಯಿತು. ಬಾವು ಮೊದಲು ನೇರಳೆ, ಆಮೇಲೆ ಹಸಿರು, ಹಳದಿ ಬಣ್ಣಗಳನ್ನು ದಾಟಿ ಇಳಿಯಿತು. ಒಂದು ವಾರಕ್ಕೆ ಹೊಲಿಗೆ ಬಿಚ್ಚಲು ಶುರುಮಾಡಿದರು. ಪ್ರತಿ ಸಂಜೆ ಫೋನಿನಲ್ಲಿ ಬಣ್ಣದ ವರದಿ ನಡೆಯುತ್ತಿತ್ತು. "ಇವತ್ತು ಯಾವ ಹಸಿರು, ಕೋಚ್? ಎಲೆಯದ್ದಾ, ಪಾಚಿಯದ್ದಾ?" ಎಂದು ಅವನು ಕೇಳಿದರೆ ಅವಳು ಬಯ್ಯುತ್ತಿದ್ದಳು. ಫೋನ್ ಐದು ನಿಮಿಷ ತಡವಾದರೆ ಅದಕ್ಕೂ ಬಯ್ಯುತ್ತಿದ್ದಳು.

ಮೂರು ವಾರಕ್ಕೆ ಇನ್ನೂ ಎರಡು ದಿನ ಬಾಕಿಯಿತ್ತು. ಬೆಳಗಿನ ಬೆಳಕಲ್ಲಿ ಕನ್ನಡಿ ಮುಂದೆ ನಿಂತಳು. ದವಡೆಯ ಗೆರೆ ದಡದ ಹಾಗೆ ಸ್ಪಷ್ಟವಾಗಿತ್ತು. ಕಣ್ಣಂಚಿನ ನಗೆಯ ಗೆರೆಗಳು ಇದ್ದಲ್ಲೇ ಇದ್ದವು. ಕಿವಿಯ ಮುಂದೆ ತೆಳು ಗುಲಾಬಿ ಕಲೆ. ಕೊನೆಗೂ ಒಳಗಿದ್ದವಳು ಹೊರಗೆ ಕಂಡಳು. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದಳು. ಇನ್ನೆರಡು ದಿನ ಕಾಯುವ ತಾಳ್ಮೆ ಅವಳಿಗೆಲ್ಲಿತ್ತು?

ತಲೆಗೆ ಸ್ಕಾರ್ಫ್ ಸುತ್ತಿ, ಅವನು ಒಬ್ಬನೇ ಇರುವ ಕೋಣೆಗೆ ಮೂರು ಮಹಡಿ ಹತ್ತಿದಳು. ಬಾಗಿಲು ತೆರೆದವನು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಬಿಟ್ಟ. "ಇನ್ನೂ ಎರಡು ದಿನ ಇದೆ!"

"ರದ್ದು ಮಾಡಿದೀನಿ. ಕಣ್ಣು ಬಿಡಿ."

ಅವನು ಬಿಟ್ಟ. ಅವಳು ಸ್ಕಾರ್ಫ್ ಜಾರಿಸಿದಳು. ಕಿಟಕಿಯ ಬೆಳಕು ಪೂರ್ತಿ ಮುಖದ ಮೇಲಿತ್ತು. ಅವನು ನೋಡುತ್ತಲೇ ಇದ್ದ.

"ಯಾರೋ ಬೇರೆಯವಳು ಅನ್ಸುತ್ತಾ?"

"ಇಲ್ಲ. ಚೆನ್ನಾಗಿದೀರಿ. ತುಂಬಾ ಚೆನ್ನಾಗಿದೀರಿ. ಇಷ್ಟು ಚೆನ್ನಾಗಾದ ಮೇಲೆ ನನ್ನಂಥವ್ನು ಯಾಕೆ ಅಂತ ಅನ್ನಿಸೀತು ನಿಮ್ಗೆ, ಅದೇ ಭಯ ಇತ್ತು ನಂಗೆ."

"ಅಯ್ಯೋ ದೇವ್ರೇ, ಭಯ ನಿಮ್ಗಾ? ಇಷ್ಟು ದಿನ ಹೆದರಿದ್ದು ನಾನು!"

"ನಾನು ನಿಮ್ಮನ್ನ ಪ್ರೀತಿಸ್ತೀನಿ, ಕೋಚ್. ಕುಂಬಳಕಾಯಿ ದಿನದ್ದೂ ಸೇರಿಸಿ."

"ಮದುವೆಗೆ ಅಕ್ಕ ಒಪ್ಪಿ ಎರಡು ವಾರ ಆಯ್ತು. ನೀವು ಬಾಯಿ ಬಿಡ್ಲಿ ಅಂತ ಕಾಯ್ತಿದ್ವಿ."

ಅವನು ಜೋರಾಗಿ ನಕ್ಕ. ನಗು ನಿಂತ ಮೇಲೆ ಹತ್ತಿರ ಬಂದು, ಗಾಜನ್ನು ಮುಟ್ಟುವವನಂತೆ ಬಾಗಿ, ಅವಳ ಕೆನ್ನೆಗೆ, ಕಿವಿಯ ಹತ್ತಿರ, ಮೆಲ್ಲಗೆ ಮುತ್ತಿಟ್ಟ.

"ಈಗೇನ್ ಮಾಡಿದ್ರಿ?" ಎಂದಳು.

"ಯಾಕೆ... ಮುತ್ತು ಕೊಟ್ಟೆ."

"ಅಲ್ಲಿ ಗೊತ್ತಾಗಲ್ಲ ರೀ. ಇನ್ನೂ ಕೆಲವು ತಿಂಗಳು ಮರಗಟ್ಟೇ ಇರುತ್ತಂತೆ."

"ಛೇ! ಹಾಗಾದ್ರೆ?"

ಅವಳು ಅವನ ಕಾಲರ್ ಹಿಡಿದು ತನ್ನತ್ತ ಎಳೆದುಕೊಂಡಳು.

"ತುಟಿಗೆ ಏನೂ ಆಗಿಲ್ಲ."